ಮಗಳಿಗೊಂದು ಪತ್ರ: ಎಂಜಿನ್ ಕೊನೆಗೆ ಇಳಿಸು

ಪ್ರೀತಿಯ ಮಗಳೇ,

ನೀನು ಕಳಿಸಿದ ಫೋಟೋ ಸಿಕ್ಕಿತು. ಶಾರ್ಜಾದ ಹಳೆ ಸಾಮಾನಿನ ಗಲ್ಲಿಯಲ್ಲಿ ಮರದ ಹಲಗೆಯ ಮೇಲೆ ಕೂತಿರುವ ಆ ಎಂಟು ಸಿಲಿಂಡರಿನ ವಿ8 ಎಂಜಿನನ್ನು ಪಪ್ಪ ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದರು. "ಒಳ್ಳೆ ಮಾಲು" ಅಂದರು. ನಾನು ಸುಮ್ಮನಿದ್ದೆ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ಬೇಡ ಅನ್ನುವುದಕ್ಕಲ್ಲ. ಮುಳ್ಳೇರಿಯದ ವರ್ಕ್‌ಶಾಪಿನಲ್ಲಿ ಪಪ್ಪ ಜೀಪುಗಳಿಗೆ ಎಂಜಿನ್ ಬದಲಿಸುವುದನ್ನು ನೋಡುತ್ತಾ ಬೆಳೆದವಳು ನೀನು. ಈಗ ನಿನ್ನ ಎರಡು ಸೀಟಿನ ಚಿಕ್ಕ ಕಾರು ಮಾಜ್ಡಾ ಎಂಎಕ್ಸ್-5ರೊಳಗೆ ಆ ವಿ8 ಕೂರಿಸಬೇಡ ಅಂದರೆ ಕೇಳುತ್ತೀಯಾ? ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ನನ್ನದೊಂದು ಹಟ ಇದೆ. ಹೊಸ ಎಂಜಿನ್ ಕಾರಿನೊಳಗೆ ಎಲ್ಲಕ್ಕಿಂತ ಕೊನೆಗೆ ಇಳಿಯಬೇಕು.

ನಿನ್ನ ಕಾರು ಮೊದಲು ಬಂದದ್ದು 1989ರಲ್ಲಿ, 1.6 ಲೀಟರ್ ಎಂಜಿನ್ ಇಟ್ಟುಕೊಂಡು. ನಿನ್ನದು ಆಮೇಲಿನ 1.8, ಸುಮಾರು 130 ಕುದುರೆ ಶಕ್ತಿ. ತೂಕ ಒಂದು ಟನ್ನಿನ ಆಸುಪಾಸು. ಎಂಜಿನನ್ನು ಮುಂದಿನ ಚಕ್ರಗಳ ಸಾಲಿಗಿಂತ ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಅದರಿಂದ ಮುಂದೆ ಅರ್ಧ, ಹಿಂದೆ ಅರ್ಧ ಅನ್ನುವಷ್ಟು ಸರಿಯಾಗಿ ತೂಕ ಹಂಚಿಕೊಂಡಿದೆ. ಆ ಕಾರಿಗೆ ಹೆಸರು ಬಂದದ್ದು ವೇಗದಿಂದಲ್ಲ, ಈ ಲೆಕ್ಕದಿಂದ. ಅದರಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚು ಶಕ್ತಿಯ ಎಂಜಿನ್ ಇಟ್ಟರೆ ಈ ಲೆಕ್ಕ ಉಳಿಯುತ್ತದಾ ಅನ್ನುವುದು ಮೊದಲ ಪ್ರಶ್ನೆ.

ಉಳಿಸಬಹುದು, ಅದನ್ನು ಒಪ್ಪುತ್ತೇನೆ. ನೀನು ಆರಿಸಿದ ಎಲ್ಎಸ್1 ಎಂಜಿನ್ 1997ರಲ್ಲಿ ಅಮೆರಿಕದ ಕಾರ್ವೆಟ್ ಕಾರಿನಲ್ಲಿ ಬಂದದ್ದು. 5.7 ಲೀಟರ್, ಸುಮಾರು 345 ಕುದುರೆ ಶಕ್ತಿ, ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ. ವಾಲ್ವ್ ತೆರೆಯುವ ದಂಡ, ಕ್ಯಾಮ್‌ಶಾಫ್ಟ್, ಬ್ಲಾಕಿನ ಒಳಗೇ ಇರುವುದರಿಂದ ಎತ್ತರವೂ ಜಾಸ್ತಿ ಇಲ್ಲ. ಮಾಜ್ಡಾದ ಚಿಕ್ಕ ಎಂಜಿನಿನ ಬ್ಲಾಕ್ ಎರಕದ ಕಬ್ಬಿಣದ್ದು. ಹಾಗಾಗಿ ಎಂಟು ಸಿಲಿಂಡರ್ ಇಟ್ಟರೂ ಜನ ಹೆದರುವಷ್ಟು ತೂಕ ಏರುವುದಿಲ್ಲ. ದೊಡ್ಡ ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ದೊಡ್ಡ ಡಿಫರೆನ್ಶಿಯಲ್ ಸೇರಿ ನೂರು ಕೆ.ಜಿ. ಆಸುಪಾಸು ಹೆಚ್ಚಬಹುದು.

ಆ ನೂರು ಕೆ.ಜಿ. ಎಲ್ಲಿ ಕೂರುತ್ತದೆ ಅನ್ನುವುದನ್ನೂ ನೋಡಬೇಕು. ಅಡಿಕೆ ಕೊಯ್ಯುವ ದೋಟಿ ನೆನಪಿದೆಯಲ್ಲ, ತುದಿಯಲ್ಲಿ ಕತ್ತಿ ಕಟ್ಟಿದ್ದು? ಅದನ್ನು ನಡುವಿನಲ್ಲಿ ಹಿಡಿದು ತಿರುಗಿಸಿದರೂ ಕತ್ತಿಯ ಬದಿ ಎಳೆಯುತ್ತದೆ. ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದೂ ಕಷ್ಟ. ಮೂತಿಯಲ್ಲಿ ಭಾರ ಇರುವ ಕಾರೂ ಹಾಗೆಯೇ. ಇಂಥ ಕೆಲಸ ಮಾಡಿದವರ ಹತ್ತಿರ ಎಂಜಿನನ್ನು ಎಷ್ಟು ಹಿಂದಕ್ಕೆ, ಎಷ್ಟು ಕೆಳಕ್ಕೆ ಕೂರಿಸಿದ್ದೀರಿ ಅಂತ ಕೇಳು. ಕುದುರೆ ಶಕ್ತಿಯ ಲೆಕ್ಕ ಹೇಳುವವರು ಬೇಕಷ್ಟು ಮಂದಿ ಸಿಗುತ್ತಾರೆ, ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವವರು ಕಡಿಮೆ.

ಹೊರಗಿನ ಎಂಜಿನ್ ಇಟ್ಟು ಗೆದ್ದ ಕಾರು ಅಂದರೆ ಎಲ್ಲರೂ ಕೋಬ್ರಾ ಹೆಸರು ಹೇಳುತ್ತಾರೆ. ಇಂಗ್ಲೆಂಡಿನ ಎಸಿ ಕಂಪನಿಯ ಏಸ್ ಕಾರಿಗೆ 1962ರಲ್ಲಿ ಅಮೆರಿಕದ ಮಾಜಿ ರೇಸ್ ಚಾಲಕ ಕ್ಯಾರಲ್ ಶೆಲ್ಬಿ ಫೋರ್ಡ್ ವಿ8 ಕೂರಿಸಿದ. ಆ ಫೋರ್ಡ್ ಎಂಜಿನ್ ತೆಳ್ಳಗೆ ಎರಕ ಹೊಯ್ದದ್ದು. ಮೊದಲಿದ್ದ ಆರು ಸಿಲಿಂಡರಿನ ಎಂಜಿನಿಗಿಂತ ತೂಕ ಸ್ವಲ್ಪವೇ ಹೆಚ್ಚು, ಅದಕ್ಕೇ ಕಾರು ಕೆಡಲಿಲ್ಲ. ಕೆಲವೇ ವರ್ಷದಲ್ಲಿ 7 ಲೀಟರಿನ ಎಂಜಿನ್ ಇಡಬೇಕು ಅಂತಾಯಿತು. ಆಗ ಹಳೆ ಚಾಸಿ, ಅಂದರೆ ಕಾರಿನ ಅಡಿಯ ಚೌಕಟ್ಟು, ಸಾಕಾಗಲಿಲ್ಲ. 3 ಇಂಚಿನ ಕೊಳವೆ ತೆಗೆದು 4 ಇಂಚಿನದ್ದು ಹಾಕಿದರು, ಪಟ್ಟಿ ಸ್ಪ್ರಿಂಗ್ ಹೋಗಿ ಕಾಯಿಲ್ ಸ್ಪ್ರಿಂಗ್ ಬಂತು, ಬಾಡಿ ಅಗಲವಾಯಿತು. ಎಂಜಿನ್ ಬದಲಿಸುವ ಕೆಲಸ ಅಂತ ಶುರುವಾದದ್ದು ಹೊಸ ಕಾರು ಕಟ್ಟುವ ಕೆಲಸವಾಯಿತು. ನಿನ್ನ ಬಜೆಟ್ ಹಾಳೆಯಲ್ಲಿ ಎಂಜಿನಿಗೆ ಒಂದು ಸಾಲು ಇದೆ, ಉಳಿದದ್ದೆಲ್ಲ 'ಇತರೆ' ಅಂತ ಇದೆ. ಆ 'ಇತರೆ' ನೋಡಿಯೇ ನನಗೆ ಗಾಬರಿ.

(1964ರ ಸನ್‌ಬೀಮ್ ಟೈಗರ್ ಕಾರಿಗೂ ಇದೇ ಥರ ಫೋರ್ಡ್ ವಿ8 ತುರುಕಿದ್ದರು. ಜಾಗ ಎಷ್ಟು ಇಕ್ಕಟ್ಟು ಅಂದರೆ ಹಿಂಬದಿಯ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಲು ಕಾರಿನ ಒಳಗಿನಿಂದ ತೂತಿನಲ್ಲಿ ಕೈ ಹಾಕಬೇಕಿತ್ತು. ಪಪ್ಪನಿಗೆ ಹೇಳಿದೆ, ಅರ್ಧ ಗಂಟೆ ನಕ್ಕರು.)

ಇನ್ನು ಬ್ರೇಕ್. ಈಗ ಒಂದು ತಿರುವಿನಿಂದ ಇನ್ನೊಂದಕ್ಕೆ ಹೋಗುವಾಗ ಗಂಟೆಗೆ 100 ಕಿ.ಮೀ. ವೇಗಕ್ಕೆ ತಲುಪುತ್ತೀ ಅಂತಿಟ್ಟುಕೋ. ಹೊಸ ಎಂಜಿನಿನಲ್ಲಿ 140 ಆಗುತ್ತದೆ. ವೇಗ ಅರ್ಧಕ್ಕಿಂತ ಕಡಿಮೆ ಏರಿತು, ಬ್ರೇಕ್ ನುಂಗಬೇಕಾದ ಶಕ್ತಿ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ಜೊತೆಗೆ ದುಬೈಯ ಬೇಸಿಗೆ. ಆ ಚಿಕ್ಕ ಮೂತಿಯಲ್ಲಿ ವಿ8ಗೆ ಬೇಕಾದ ರೇಡಿಯೇಟರ್ ಹಿಡಿಸಬೇಕು, ಗಾಳಿ ಒಳಗೆ ಬಂದರೆ ಸಾಲದು, ಹೊರಗೆ ಹೋಗುವುದಕ್ಕೂ ದಾರಿ ಬೇಕು. ಇದೆಲ್ಲ ನಿನಗೆ ಗೊತ್ತಿರುವುದೇ, ಹೆಚ್ಚು ಹೇಳುವುದಿಲ್ಲ.

ನನಗೆ ಹೇಳಲಿಕ್ಕಿರುವುದು ನಿನ್ನ ಕಾಲಿನ ಬಗ್ಗೆ. ಡ್ರೈವಿಂಗ್ ಸ್ಕೂಲಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ನಾನು ನೋಡುವುದೇ ಅದನ್ನು. ಕನ್ನಡ, ತುಳು, ಮಲಯಾಳ ಮೂರರಲ್ಲೂ 'ನಿಧಾನ' ಅಂತ ಕಿರುಚಿ ಗಂಟಲು ಹೋಗಿದೆ. ಲೈಸನ್ಸ್ ಪರೀಕ್ಷೆಯಲ್ಲಿ ಕಂಬ ತಾಗಿಸದೆ ಚಂದಕ್ಕೆ ಎಚ್ ಹಾಕುವವರು ಎಷ್ಟೋ ಮಂದಿ ಚೆರ್ಕಳ–ಜಾಲ್ಸೂರು ರಸ್ತೆಯ ತಿರುವಿನಲ್ಲಿ ಹೆದರಿಬಿಡುತ್ತಾರೆ. ಹೆದರಿದ ಕೂಡಲೇ ಮಾಡುವುದೇನು? ಆಕ್ಸಿಲರೇಟರಿನಿಂದ ಕಾಲು ಫಕ್ಕನೆ ತೆಗೆಯುತ್ತಾರೆ. ನಮ್ಮ ಆಲ್ಟೊ ಪಾಪ, ಅದನ್ನೂ ಸಹಿಸಿಕೊಳ್ಳುತ್ತದೆ. ಹಿಂದಿನ ಚಕ್ರ ಓಡಿಸುವ ಹಗುರ ಕಾರನ್ನು ಟೈರಿನ ಹಿಡಿತದ ಅಂಚಿನಲ್ಲಿ ಓಡಿಸುವಾಗ ಹಾಗೆ ಮಾಡಿದರೆ ಭಾರ ಮುಂದಕ್ಕೆ ಜಾರಿ ಹಿಂಭಾಗ ಹಗುರಾಗುತ್ತದೆ, ಬಾಲ ಹೊರಗೆ ಬರುತ್ತದೆ. ಒತ್ತಿದರೂ ತೊಂದರೆಯೇ. ಟೈರಿಗಿರುವ ಹಿಡಿತ ಒಂದೇ. ತಿರುಗುವುದಕ್ಕೂ ಅದೇ, ಮುಂದೆ ತಳ್ಳುವುದಕ್ಕೂ ಅದೇ. 130 ಕುದುರೆಯ ಕಾರಿನಲ್ಲಿ ತಿರುವಿನಿಂದ ಹೊರಡುವಾಗ ಪೂರ್ತಿ ಒತ್ತಿದರೂ ನಡೆದುಹೋಗುತ್ತದೆ. 345ರಲ್ಲಿ ಹೆಬ್ಬೆರಳಿನಷ್ಟು ಒತ್ತಿದರೂ ಅದು ಆ ಹಿಡಿತವನ್ನು ತಿಂದು ಮುಗಿಸಬಹುದು. ಈಗಿನ ವೇಗದ ಕಾರುಗಳಲ್ಲಿ ಇಂಥದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನಿನ್ನ ತೊಂಬತ್ತರ ದಶಕದ ಮಾಜ್ಡಾದಲ್ಲಿ ನೋಡಿಕೊಳ್ಳುವವಳು ನೀನೊಬ್ಬಳೇ. ಅಲ್ಲಿ ಮಳೆ ಇಲ್ಲ ಅನ್ನಬೇಡ, ರಸ್ತೆಗೆ ಹಾರಿ ಬರುವ ಮರಳು ಇದೆ.

ನಿನ್ನ ಸ್ನೇಹಿತ ಈಗಿನ ಎಂಜಿನಿಗೇ ಟರ್ಬೊ (ಗಾಳಿ ಒತ್ತಿ ತುಂಬಿಸುವ ಯಂತ್ರ) ಹಾಕು ಅಂದನಂತೆ. ಅದಕ್ಕಿಂತ ವಿ8 ಎಷ್ಟೋ ವಾಸಿ. ಶಕ್ತಿ ಎಷ್ಟು ಅನ್ನುವಷ್ಟೇ ಮುಖ್ಯ, ಅದು ಹೇಗೆ ಬರುತ್ತದೆ ಅನ್ನುವುದು. 1975ರ ಪೋರ್ಶೆ 911 ಟರ್ಬೊ ಬರೀ 260 ಕುದುರೆ ಶಕ್ತಿಯದ್ದು. ಆದರೂ ಒಳ್ಳೊಳ್ಳೆ ಚಾಲಕರು ಅದಕ್ಕೆ ಹೆದರುತ್ತಿದ್ದರು. ಒತ್ತಿದ ಮೇಲೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ತಿರುವಿನ ಮಧ್ಯದಲ್ಲಿ ಎಲ್ಲ ಒಟ್ಟಿಗೇ. ಎಂಜಿನ್ ಬೇರೆ ಹಿಂದೆ. ವಿ8 ಆದರೆ ಒತ್ತಿದಷ್ಟು ಕೊಡುತ್ತದೆ, ಕೂಡಲೇ ಕೊಡುತ್ತದೆ. ಈಗಿನ ಟರ್ಬೊಗಳು ಅಷ್ಟು ಕೆಟ್ಟವಲ್ಲ ಅನ್ನುತ್ತೀ, ಇರಲಿ. ಕಂಪನಿಯವರು ಕೂತು ಹದ ಮಾಡಿದ್ದಕ್ಕೂ ಗ್ಯಾರೇಜಿನಲ್ಲಿ ಹಾಕಿದ್ದಕ್ಕೂ ಅಂತರ ಇದೆ.

ನನ್ನನ್ನು ಕೇಳಿದರೆ ಮೊದಲು ಒಳ್ಳೆ ಟೈರ್, ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಸವೆದ ಬುಷ್‌ಗಳ (ಸಸ್ಪೆನ್ಷನ್ ಕೀಲುಗಳ ರಬ್ಬರ್) ಬದಲು ಹೊಸತು. ಆಮೇಲೆ ದುಬೈ ಆಟೊಡ್ರೋಮ್ ರೇಸ್ ಟ್ರ್ಯಾಕಿನಲ್ಲಿ ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈಗಿರುವ ಎಂಜಿನಿನಲ್ಲೇ ಓಡಿಸು. ತಿರುವು ಮುಗಿಯುವ ಮೊದಲೇ ಪೂರ್ತಿ ಒತ್ತಿ, ಸ್ಟೀರಿಂಗ್ ನೆಟ್ಟಗೆ ಮಾಡಿ, 'ಇನ್ನೂ ಬೇಕಿತ್ತು' ಅಂತ ಪ್ರತಿ ಸುತ್ತಿನಲ್ಲೂ ಅನಿಸಿದರೆ ನಿನಗೆ ನಿಜವಾಗಿ ಶಕ್ತಿ ಬೇಕಾಗಿದೆ ಅಂತ ಅರ್ಥ. ಬ್ರೇಕ್ ಬೇಗ ಹಿಡಿಯುತ್ತಿದ್ದೀ, ತಿರುವಿನಲ್ಲಿ ಹಿಡಿಯಬೇಕಾದ ಗೆರೆ ತಪ್ಪುತ್ತಿದ್ದೀ ಅಂತಾದರೆ ಯಾವ ಎಂಜಿನ್ ಇಟ್ಟರೂ ಅದು ಸರಿಹೋಗುವುದಿಲ್ಲ. ಆ ಹಂತ ದಾಟಿದ ಮೇಲೂ ಹೋಂಡಾದ ಕೆ20 ಎಂಜಿನ್ ಒಮ್ಮೆ ನೋಡು. 2 ಲೀಟರ್, 200 ಕುದುರೆಯ ಆಸುಪಾಸು, ಅಲ್ಯೂಮಿನಿಯಂ, ಹಗುರ. ಅದು ಅಡ್ಡ ಕೂರುವ ಎಂಜಿನ್, ನಿನ್ನ ಗೇರ್‌ಬಾಕ್ಸಿಗೆ ಸೇರಿಸಲು ಅಡಾಪ್ಟರ್ ಬೇಕು. ಆದರೂ ನಿನ್ನ ಕಾರಿಗೆ ಒಪ್ಪುವುದು ಅದೇ ಅಂತ ನನ್ನ ಅಂದಾಜು. ಪಪ್ಪ ಒಪ್ಪುವುದಿಲ್ಲ, ಅವರಿಗೆ ವಿ8ನ ಸದ್ದು ಬೇಕು.

ಊರಿಗೆ ತರುತ್ತೇನೆ ಅನ್ನುವ ಆಸೆ ಬಿಡು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೂ ಕಂಪನಿ ಹೇಳಿದ್ದಕ್ಕೂ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿ ಮಾಡಿ ಹೇಳಿತು, ಅದೂ ಕೇರಳದ ಕೇಸಿನಲ್ಲೇ. ಕಾಸರಗೋಡಿನ ಕೆಎಲ್-14 ಬೋರ್ಡ್ ಹಾಕಿಕೊಂಡು ವಿ8 ಮಾಜ್ಡಾ ಕುಂಬಳೆ ಪೇಟೆಯಲ್ಲಿ ಓಡುವುದನ್ನು ನೋಡಲು ನನಗೂ ಆಸೆಯೇ, ಆದರೆ ಆಗುವ ಮಾತಲ್ಲ.

ಈಗಿನ ಕಾರಿನ ನಾಲ್ಕು ಚಕ್ರದ ಮೇಲೂ ಬೀಳುವ ತೂಕ ಬೇರೆ ಬೇರೆ ಹಾಕಿಸಿ ಕಳಿಸು. ನೀನು ಸೀಟಿನಲ್ಲಿ ಕೂತು, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು. ಎಂಜಿನಿನವನಿಗೆ ಮುಂಗಡ ಕೊಡುವುದು ಅದಾದ ಮೇಲೆ. ಅಷ್ಟರೊಳಗೆ ಅವನು ಬೇರೆಯವರಿಗೆ ಮಾರಿದರೆ ಮಾರಲಿ ಬಿಡು, ಇನ್ನೊಂದು ಸಿಗುತ್ತದೆ.

ಇತಿ,
ನಿನ್ನ ಅಮ್ಮ