ತೈಲದ ನಾಡುಗಳ ನಾಳೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ತೈಲದ ಕಾಲ ಮುಗಿದರೂ ಕೊಲ್ಲಿ ರಾಷ್ಟ್ರಗಳಿಗೆ ಚಿಂತೆಯಿಲ್ಲ, ಮರುಭೂಮಿಯ ಬಿಸಿಲನ್ನೇ ಮಾರಿ ಬದುಕುತ್ತವೆ ಎಂದು ನೀನು ಬರೆದಿದ್ದೆ. ಅಲ್ಲಿ ಬಿಸಿಲಿಗೆ ಬರವಿಲ್ಲ ಎಂಬುದು ನಿಜ. ಅಬುಧಾಬಿಯ ಅಲ್ ಧಫ್ರಾದಲ್ಲಿ 2023ರಲ್ಲಿ ಉದ್ಘಾಟನೆಯಾದ ಸೌರಸ್ಥಾವರವೊಂದರ ಸಾಮರ್ಥ್ಯವೇ ಸುಮಾರು 2,000 ಮೆಗಾವ್ಯಾಟ್. ಆದರೆ ತೈಲ ತಂದ ಸಿರಿಯನ್ನು ಬಿಸಿಲು ತರಲಾರದು ಎಂದು ನನಗನ್ನಿಸುತ್ತದೆ. ತೈಲ ಎಲ್ಲರ ನೆಲದಲ್ಲೂ ಸಿಗುವುದಿಲ್ಲ, ಹಡಗಿಗೆ ತುಂಬಿದರೆ ಯಾವ ಬಂದರಿಗಾದರೂ ಹೋಗುತ್ತದೆ. ಆದ್ದರಿಂದಲೇ ಅದಕ್ಕೆ ಹೊರತೆಗೆಯುವ ಖರ್ಚಿನ ಹಲವು ಪಟ್ಟು ಬೆಲೆ ಬರುತ್ತದೆ. ಬಿಸಿಲಾದರೋ ಕೊಳ್ಳುವವನ ಅಂಗಳದಲ್ಲೂ ಬೀಳುತ್ತದೆ. ಸ್ಥಾವರ ಕಟ್ಟುವಾಗ ಸಾವಿರಾರು ಜನರಿಗೆ ಕೆಲಸವಿದ್ದರೂ, ಕಟ್ಟಿ ಮುಗಿದ ಮೇಲೆ ಫಲಕಗಳ ಧೂಳು ತೆಗೆದು ಯಂತ್ರಗಳನ್ನು ನೋಡಿಕೊಳ್ಳಲು ಕೆಲವರು ಸಾಕು.

ಹಾಗಾಗಿ ಈ ನಾಡುಗಳ ಮುಂದಿನ ಬದುಕು, ತೈಲ ಮಾರಾಟವಾಗುತ್ತಿದ್ದಾಗ ಬಂದ ಹಣವನ್ನು ಅವು ಏನು ಮಾಡಿದವು ಎಂಬುದರ ಮೇಲೆ ನಿಂತಿದೆ. 1969ರಲ್ಲಿ ಎಕೊಫಿಸ್ಕ್ ತೈಲಕ್ಷೇತ್ರವನ್ನು ಕಂಡುಕೊಂಡ ನಾರ್ವೆ, 1990ರಲ್ಲಿ ಕಾನೂನು ಮಾಡಿ ಒಂದು ನಿಧಿಯನ್ನು ಸ್ಥಾಪಿಸಿತು. ಅದರ ಹಣವನ್ನು ಹೊರದೇಶಗಳಲ್ಲೇ ಹೂಡಿ, ವರ್ಷಕ್ಕೆ ಸುಮಾರು ಶೇ. 3ರಷ್ಟನ್ನು ಮಾತ್ರ ಸರ್ಕಾರ ಬಳಸಬೇಕೆಂಬ ಕಟ್ಟುಪಾಡನ್ನು ಇಟ್ಟುಕೊಂಡಿದೆ. ಕುವೈತ್ ಇನ್ನೂ ಮೊದಲೇ, 1976ರಲ್ಲಿ, ಮುಂದಿನ ಪೀಳಿಗೆಗಳ ಹೆಸರಿನಲ್ಲಿ ಇಂಥದೇ ನಿಧಿಯನ್ನು ತೆರೆಯಿತು. ಜಗತ್ತಿನಲ್ಲೇ ಅತಿ ಹೆಚ್ಚು, ಸುಮಾರು 30,000 ಕೋಟಿ ಬ್ಯಾರೆಲ್ ತೈಲ ನಿಕ್ಷೇಪವಿದ್ದೂ ಬಂದ ಹಣವನ್ನು ಹೀಗೆ ಕಾದಿಡದ ವೆನೆಜುವೆಲಾದಿಂದಲಾದರೋ 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟು ಹೋಗಿದ್ದಾರೆ.

ಆದರೂ ನನ್ನನ್ನು ಹೆಚ್ಚು ಕಾಡುವುದು ಖಜಾನೆಯ ಲೆಕ್ಕವಲ್ಲ, ನೈಜರ್ ನದಿಯ ಮುಖಜ ಭೂಮಿ. ನೈಜೀರಿಯಾದಲ್ಲಿ ವಾಣಿಜ್ಯ ಪ್ರಮಾಣದ ತೈಲ ಮೊದಲು ಸಿಕ್ಕಿದ್ದು ಅಲ್ಲಿನ ಒಲೊಯಿಬಿರಿಯಲ್ಲಿ, 1956ರಲ್ಲಿ. ಕೆಲವೇ ದಶಕಗಳಲ್ಲಿ ಆ ಬಾವಿ ಬರಿದಾಯಿತು. ಅದರ ಬಾಯಿಗೆ ಜೋಡಿಸಿದ ಕಬ್ಬಿಣದ ಕೊಳವೆ ಕವಾಟಗಳು ಮಾತ್ರ ಅಲ್ಲೇ ಉಳಿದವು. ಅದೇ ಮುಖಜ ಭೂಮಿಯ ಒಗೊನಿ ಸೀಮೆಯಲ್ಲಿ ತೈಲ ತೆಗೆಯುವುದು 1993ರಲ್ಲೇ ನಿಂತಿತು. ಹದಿನೆಂಟು ವರ್ಷಗಳ ಬಳಿಕ, 2011ರಲ್ಲಿ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಪ್ರಕಟಿಸಿದ ವರದಿಯಲ್ಲಿ ಒಗಾಲೆ ಎಂಬ ಊರಿನ ಸಂಗತಿಯಿದೆ: ಜನ ಕುಡಿಯುತ್ತಿದ್ದ ಬಾವಿಯ ನೀರಿನಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟಿಗೂ ಹೆಚ್ಚಾಗಿತ್ತು, ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪ ಎಣ್ಣೆ ತೇಲುತ್ತಿತ್ತು. ಈ ಸೀಮೆಯನ್ನು ಶುಚಿಗೊಳಿಸಲು 25ರಿಂದ 30 ವರ್ಷ ಬೇಕಾದೀತು ಎಂದು ವರದಿ ಅಂದಾಜಿಸಿತು. ಯೋಚಿಸಿ ನೋಡು, ತೈಲದ ಪಂಪು ನಿಂತರೆ ನೀರು ತಾನಾಗಿ ತಿಳಿಯಾಗುವುದಿಲ್ಲ.

2025ರಲ್ಲಿ ಶೆಲ್ ಕಂಪನಿ ನೈಜೀರಿಯಾದ ನೆಲಭಾಗದಲ್ಲಿದ್ದ ತನ್ನ ತೈಲೋದ್ಯಮವನ್ನು ಬೇರೆ ಕಂಪನಿಗಳ ಒಕ್ಕೂಟವೊಂದಕ್ಕೆ ಮಾರಿತು. ಬೇಡಿಕೆ ಇಳಿದಂತೆಲ್ಲ ಇಂಥ ಮಾರಾಟಗಳು ಹೆಚ್ಚುತ್ತವೆ, ಹಳೆಯ ಬಾವಿಗಳು ದೊಡ್ಡವರ ಕೈಯಿಂದ ಸಣ್ಣವರ ಕೈಗೆ ದಾಟುತ್ತವೆ ಎಂಬುದೇ ನನ್ನ ಭಯ. ಕೊನೆಗೆ ಉಳಿದ ಕಂಪನಿ ದಿವಾಳಿಯಾದರೆ ಬಾವಿ ಮುಚ್ಚುವ ಖರ್ಚನ್ನು ಯಾರಲ್ಲಿ ಕೇಳುವುದು? 2023ರ ದುಬೈ ಹವಾಮಾನ ಸಮ್ಮೇಳನದಲ್ಲಿ, ಪಳೆಯುಳಿಕೆ ಇಂಧನಗಳಿಂದ ನ್ಯಾಯಯುತವಾಗಿ ಹೊರಳಬೇಕೆಂದು ದೇಶಗಳು ಒಪ್ಪಿಕೊಂಡವು. ಆ ನ್ಯಾಯದಲ್ಲಿ ಒಗಾಲೆಯ ಬಾವಿಯ ನೀರೂ ಸೇರಬೇಕು. ಬಾವಿ ಮುಚ್ಚಲು, ಮಣ್ಣು ನೀರು ಶುದ್ಧಗೊಳಿಸಲು ಬೇಕಾದ ಹಣವನ್ನು ಈಗ ಮಾರಾಟವಾಗುತ್ತಿರುವ ಪ್ರತಿ ಬ್ಯಾರೆಲ್‌ನಿಂದಲೇ ತೆಗೆದು, ಕಂಪನಿಯ ಕೈಗೂ ಸರ್ಕಾರದ ಕೈಗೂ ಸುಲಭವಾಗಿ ಸಿಗದಂತೆ ಕಾನೂನಿನ ಬಲದಿಂದ ಕಾದಿಡಬೇಕು ಎಂಬುದು ನನ್ನ ಅಭಿಪ್ರಾಯ. ನೀನು ಇದನ್ನು ಒಪ್ಪುತ್ತೀಯೋ ಇಲ್ಲವೋ, ಬಿಡುವಾದಾಗ ಬರೆ.

ಇಂತು,
ನಿನ್ನ ಗೆಳೆಯ