ಅಪ್ಪಾಜಿನ ರಾತ್ರಿ ಒಬ್ಬರೇ ಗದ್ದೆಗೆ ಕಳಿಸಬೇಡ

ಅವ್ವಾ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂತು. ಬದುವಿನ ಮೇಲೆ ಚಿರತೆ ಹೆಜ್ಜೆ ಕಂಡರೂ ಅಪ್ಪಾಜಿ ರಾತ್ರಿ ಕರೆಂಟ್ ಬಂದ ತಕ್ಷಣ ಮೋಟರ್ ಹಾಕಲು ಒಬ್ಬರೇ ಹೋಗುತ್ತಾರೆ ಅಂತ ಬರೆದಿದ್ದೀಯ. ಓದಿದಾಗಿನಿಂದ ನಿದ್ದೆ ಇಲ್ಲ.

ಹೋದ ಶನಿವಾರ ಸ್ಯಾನ್ ಏಂಜೆಲೊ ಹತ್ತಿರ ಗೆಳೆಯನ ತಂದೆಯ ಕುರಿ ಫಾರ್ಮಿಗೆ ಹೋಗಿದ್ದೆ. ಟೆಕ್ಸಾಸ್‌ನ ಈ ಕಡೆ ಕುರಿಮರಿಗಳಿಗೆ ಕಯೋಟಿ ಕಾಟ. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಇವರು ಅದನ್ನು ಹೊಡೆಯಲು ಹುಡುಕಿಕೊಂಡು ಹೋಗಲ್ಲ, ತಾವಿದ್ದಲ್ಲಿಗೇ ಕರೆಸುತ್ತಾರೆ! ಒಂದು ಸಣ್ಣ ಪೆಟ್ಟಿಗೆ. ಗುಂಡಿ ಒತ್ತಿದರೆ ಗಾಯವಾದ ಮೊಲ ಕಿರುಚುವ ಸದ್ದು. ಎಳೆಮಗು ಅತ್ತ ಹಾಗೇ ಅವ್ವಾ, ಎದೆ ಝಲ್ ಅಂದಿತು.

ಎಲ್ಲಿ ಕೂರಬೇಕು ಅನ್ನೋದೇ ದೊಡ್ಡ ವಿದ್ಯೆ. ಬಯಲಲ್ಲಿ ಸದ್ದು ದೂರ ಹೋಗುತ್ತೆ, ಬರುವ ಪ್ರಾಣಿಯೂ ಕಾಣುತ್ತೆ. ಆದರೆ ಅದಕ್ಕೆ ನಾವೂ ಕಾಣುತ್ತೇವೆ. ಪೊದೆ ದಟ್ಟವಾಗಿದ್ದರೆ ಸದ್ದು ಅಲ್ಲೇ ಅಡಗುತ್ತೆ, ಪ್ರಾಣಿ ಮೈಮೇಲೆ ಬರುವವರೆಗೂ ಗೊತ್ತಾಗಲ್ಲ. ನಾವು ಮೆಸ್ಕೀಟ್ ಗಿಡಕ್ಕೆ ಬೆನ್ನು ಕೊಟ್ಟು ಕೂತೆವು. ನಮ್ಮ ಬಳ್ಳಾರಿ ಜಾಲಿಯ ದಾಯಾದಿ ಅದು, ಮುಳ್ಳೂ ಹಾಗೇ. ಕಯೋಟಿ ನೇರ ಬರಲ್ಲ, ನಮ್ಮ ವಾಸನೆ ಗಾಳಿಯಲ್ಲಿ ಎತ್ತ ಹೋಗುತ್ತೋ ಅತ್ತ ಬಳಸಿಕೊಂಡು ಬರುತ್ತೆ ಅಂತ ಯಜಮಾನರು ಹೇಳಿದ್ದರು. ಆದರೂ ನನ್ನ ಕಣ್ಣು ಬಯಲ ಮೇಲೇ ಇತ್ತು. ಅದು ಎಡಗಡೆಯ ಒಣಹಳ್ಳದಿಂದ ಎದ್ದು ಬಂತು, ಹತ್ತೇ ಮಾರು ದೂರ! ಹಳದಿ ಕಣ್ಣು, ಮೂತಿಗೆ ಮೆತ್ತಿದ ಧೂಳು, ಎತ್ತಿದ ಒಂದು ಕಾಲು. ಮೂವರಲ್ಲಿ ಒಬ್ಬರಿಗೂ ಒಂದು ತರಗೆಲೆ ಸದ್ದು ಕೇಳಿರಲಿಲ್ಲ. ಮೂಗು ಎತ್ತಿತು, ಮಾಯ.

ಅಲ್ಲಿ ಹಗಲು, ಮೂರು ಜನ. ಅಪ್ಪಾಜಿಗೆ ರಾತ್ರಿ, ಒಬ್ಬರೇ, ಕಿವಿಯೂ ಮಂದ. ಆಳೆತ್ತರದ ಕಬ್ಬು ಆ ಜಾಲಿಗಿಂತ ದಟ್ಟ. 2022ರಲ್ಲಿ ಟಿ. ನರಸೀಪುರದ ಕಡೆ ಚಿರತೆ ಜನರನ್ನು ಕೊಂದದ್ದು ನಿನಗೆ ಗೊತ್ತಲ್ವಾ?

ಬದುವಿನ ಅಕ್ಕಪಕ್ಕದ ಕಳೆ, ಪೊದೆ ಪೂರ್ತಿ ಸವರಿಸು. ಮನೆಯಿಂದಲೇ ಫೋನಲ್ಲಿ ಮೋಟರ್ ಹಾಕುವ ಮೊಬೈಲ್ ಸ್ಟಾರ್ಟರ್‌ಗೆ ನಾಳೆಯೇ ದುಡ್ಡು ಹಾಕುತ್ತೇನೆ, ಅಪ್ಪಾಜಿ ಬೇಡ ಅಂದರೂ ಹಾಕಿಸು. ಅಲ್ಲಿಯವರೆಗೆ ಹೋಗಲೇಬೇಕಾದರೆ ಸೋಮಣ್ಣನ ಜೊತೆ, ದೊಡ್ಡ ಟಾರ್ಚ್, ಕೈಯಲ್ಲಿ ದೊಣ್ಣೆ, ಗಟ್ಟಿಯಾಗಿ ಮಾತಾಡುತ್ತಾ. ಗದ್ದೆ ಅಂಚಲ್ಲಿ ಬಗ್ಗಿ ಕೂರುವುದು ಬೇಡವೇ ಬೇಡ. ನಾಯಿಯನ್ನು ರಾತ್ರಿ ಒಳಗೆ ಕಟ್ಟು.

ನನ್ನ ಬಗ್ಗೆ ಯೋಚನೆ ಮಾಡಬೇಡ. ಕಯೋಟಿ ನಮ್ಮ ಮನೆ ಹತ್ತಿರ ಬರಲ್ಲ, ಬಂದೂಕು ನಾನು ಮುಟ್ಟಿಲ್ಲ, ಊಟ ಸರಿಯಾಗಿ ಮಾಡುತ್ತಿದ್ದೇನೆ, ಕೆಮ್ಮೂ ಪೂರ್ತಿ ಹೋಯಿತು. ನಿಜವಾಗ್ಲೂ ಚೆನ್ನಾಗಿದ್ದೇನೆ. ಡ್ಯೂಟಿಗೆ ಹೊತ್ತಾಯಿತು. ಸ್ಟಾರ್ಟರ್ ಹಾಕಿಸಿದ ದಿನವೇ ಫೋನ್ ಮಾಡು.

ನಿನ್ನ ಮಗ,
ರವಿ