ನೆಲದ ನೆನಪನ್ನೂ ಕೇಳೋಣ

ಮಾನ್ಯ ಸಂಪಾದಕರೇ,

ಭೂಕಂಪದ ಅಪಾಯ ಅಳೆಯಲು ನೂರಿನ್ನೂರು ವರ್ಷಗಳ ದಾಖಲೆಯಷ್ಟೇ ಸಾಲದು, ಮಣ್ಣಿನಡಿ ಉಳಿದಿರುವ ಹಳೆಯ ಕಂಪನಗಳ ಗುರುತನ್ನೂ ಹುಡುಕಬೇಕು. ಇಂಥ ಹಳೆಯ ಭೂಕಂಪಗಳ ಶೋಧದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದ ಮೇಲೆ ಇದನ್ನು ಬರೆಯಬೇಕು ಅನ್ನಿಸಿತು.

ಗುಜರಾತಿನ ಕಛ್ ರಣ್‌ನಲ್ಲಿ 1819ರ ಜೂನ್ 16ರಂದು ನೆಲ ನಡುಗಿ, ಹತ್ತಾರು ಕಿಲೋಮೀಟರ್ ಉದ್ದಕ್ಕೆ ಒಡ್ಡಿನಂತೆ ಮೇಲೆದ್ದಿತು. ಜನ ಅದನ್ನು 'ಅಲ್ಲಾ ಬಂದ್', ಅಂದರೆ ದೇವರು ಕಟ್ಟಿದ ಒಡ್ಡು ಎಂದೇ ಕರೆದರು. ಪಕ್ಕದ ಸಿಂದ್ರಿ ಕೋಟೆ ನೀರಿನಲ್ಲಿ ಮುಳುಗಿತು. ವಿಜ್ಞಾನಿಗಳು ಆ ಜಾಗದಲ್ಲಿ ಗುಂಡಿ ತೋಡಿದಾಗ, ಅದಕ್ಕೂ ನೂರಾರು ವರ್ಷ ಮೊದಲು ಅಲ್ಲಿ ದೊಡ್ಡ ಭೂಕಂಪ ಆಗಿದ್ದ ಕುರುಹು ಸಿಕ್ಕಿತು. ಜೋರಾಗಿ ನಡುಗಿದಾಗ ನೀರು ತುಂಬಿದ ಮರಳು ಗಂಜಿಯಂತಾಗಿ, ಬಿರುಕಿನಿಂದ ಮೇಲೆ ಚಿಮ್ಮುತ್ತದೆ. ಜೇಡಿಮಣ್ಣನ್ನು ಸೀಳಿಕೊಂಡು ಬಂದ ಆ ಮರಳಿನ ಗೆರೆ ಶತಮಾನ ಕಳೆದರೂ ಹಾಗೇ ಇರುತ್ತದೆ. ಮೇಲಿನ, ಕೆಳಗಿನ ಪದರಗಳಲ್ಲಿ ಸಿಗುವ ಇದ್ದಿಲ ಚೂರಿನಿಂದ ಕಾಲವನ್ನೂ ಅಂದಾಜು ಮಾಡಬಹುದು.

ದಖ್ಖನ್ ನೆಲ ಗಟ್ಟಿ, ಇಲ್ಲಿ ಭಯವಿಲ್ಲ ಎಂದು ನಾವೂ ನಂಬಿದ್ದೆವು ಅಲ್ವಾ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಊರು ಭೂಕಂಪಕ್ಕೆ ನೆಲಸಮವಾಯಿತು. ಸುಮಾರು 10 ಸಾವಿರ ಜನ ಸತ್ತರು. ಕಲ್ಲು-ಮಣ್ಣಿನ ಗೋಡೆಗಳೇ ಮಲಗಿದ್ದವರ ಮೇಲೆ ಬಿದ್ದವು.

ಆದ್ದರಿಂದ ಬೀದರ್, ಕಲಬುರಗಿ, ವಿಜಯಪುರದ ಕಡೆ ಸರ್ಕಾರ ಭೂವಿಜ್ಞಾನಿಗಳಿಂದ ಇಂಥ ಶೋಧ ಮಾಡಿಸಲಿ. ದೊಡ್ಡ ಅಣೆಕಟ್ಟು, ಆಸ್ಪತ್ರೆಗಳ ನಕ್ಷೆ ಒಪ್ಪುವ ಮೊದಲೇ ಆ ವರದಿ ಕೈಯಲ್ಲಿರಲಿ. ತೋಡಿದ ಗುಂಡಿಯನ್ನು ಮುಚ್ಚುವ ಮುಂಚೆ ಊರಿನ ಶಾಲೆಯ ಮಕ್ಕಳಿಗೂ ಒಮ್ಮೆ ತೋರಿಸಲಿ.

– ಒಬ್ಬ ಓದುಗ, ಕಲಬುರಗಿ